ಪಾಲಿಶ್ ಆದ ಮೇಲೆ ಮೇಜಿನ ಹಲಗೆ ಬಾಗಿದೆ, ಸರಿ ಮಾಡಬಹುದಾ?

ಪ್ರಶ್ನೆ:
ತೇಗದ 5 ಹಲಗೆ ಅಂಟಿಸಿ ಒಂದು ಮೇಜು ಮಾಡಿದ್ದೆ. ಮೇಲಿನ ಹಲಗೆ 60 ಸೆಂ.ಮೀ. ಅಗಲ, 20 ಮಿ.ಮೀ. ದಪ್ಪ. ಮೇಲ್ಗಡೆ ಪಾಲಿಯುರೆಥೇನ್ ಪಾಲಿಶ್ 4 ಕೋಟ್ ಹೊಡೆದೆ. ಎರಡು ತಿಂಗಳು ಕನ್ನಡಿ ಥರ ಇತ್ತು. ಮಳೆ ಹಿಡಿದ ಮೇಲೆ ಎರಡೂ ಅಂಚು ಮೇಲೆದ್ದಿವೆ. ಅಡ್ಡಕ್ಕೆ ಸ್ಕೇಲ್ ಇಟ್ಟರೆ ನಡುವೆ 4 ಮಿ.ಮೀ. ಸಂದು. ಒಂದು ಮೂಲೆಯ ಸ್ಕ್ರೂ ಕಿತ್ತು ಬಂದಿದೆ. ಹತ್ತರಿ ಹಾಕಿ ಕೀಸಿ ಮಟ್ಟ ಮಾಡಿಬಿಡಲಾ?

ಉತ್ತರ:
ಸದ್ಯಕ್ಕೆ ಹತ್ತರಿ ಮುಟ್ಟಬೇಡಿ. ಕೆಳಗಡೆ ಏನು ಹಚ್ಚಿದ್ದೀರಿ?

ಪ್ರಶ್ನೆ ಕೇಳಿದವರು:
ಏನೂ ಇಲ್ಲ ಸರ್. ಯಾರು ಬಗ್ಗಿ ನೋಡ್ತಾರೆ ಅಂತ ಸುಮ್ನೆ ಬಿಟ್ಟೆ.

ಉತ್ತರ:
ಯಾರೂ ಬಗ್ಗಲಿಲ್ಲ, ಹಲಗೆಯೇ ಬಗ್ಗಿತು! ಬೇಜಾರಾಗಬೇಡಿ, ನನ್ನ ಮೊದಲ ಮೇಜೂ ಹೀಗೇ ಆಗಿತ್ತು.

ಮೇಲ್ಗಡೆ ಪಾಲಿಶ್ ಇದೆ, ತೇವ ನಿಧಾನಕ್ಕೆ ಒಳಗೆ ಹೋಗುತ್ತದೆ. ಕೆಳಗೆ ಬರೀ ಮರ, ಬೇಗ ಕುಡಿಯುತ್ತದೆ. ಕೆಳಮೈ ಉಬ್ಬಿ ಅಗಲವಾಯಿತು, ಮೇಲ್ಮೈ ಹಾಗೇ ಉಳಿಯಿತು. ಅಂಚು ಮೇಲೇಳದೆ ಬೇರೆ ದಾರಿ ಇಲ್ಲ. ಈಗ ಕೀಸಿ ಮಟ್ಟ ಮಾಡಿದಿರಿ ಅಂತಿಟ್ಟುಕೊಳ್ಳಿ. ಗಾಳಿ ಒಣಗಿದಾಗ ಕೆಳಮೈ ಕುಗ್ಗುತ್ತದೆ, ಹಲಗೆ ಉಲ್ಟಾ ಬಾಗುತ್ತದೆ. ಆಗ ದಪ್ಪವೂ ಹೋಯಿತು, ಮಟ್ಟವೂ ಇಲ್ಲ.

ಹಲಗೆಯನ್ನು ಕಾಲಿನ ಚೌಕಟ್ಟಿನಿಂದ ಬಿಚ್ಚಿ. ನೆರಳಲ್ಲಿ, ಕೆಳಗೆ ಒಂದೇ ದಪ್ಪದ ರೀಪು ಕೊಟ್ಟು ಮಲಗಿಸಿ. ಎರಡೂ ಕಡೆ ಗಾಳಿ ಆಡಬೇಕು. ಬಿಸಿಲಿಗೆ ಇಡಲೇಬೇಡಿ, ತುದಿಗಳು ಸೀಳುತ್ತವೆ. ವಾರಕ್ಕೊಮ್ಮೆ ತೂಕ ಮಾಡಿ. ತೂಕ ಇಳಿಯುವುದು ನಿಂತರೆ ಮರ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇಲ್ಲದವರಿಗೆ ಇದೇ ಮೀಟರ್. ಆಮೇಲೆ ಕೆಳಗೂ ಅದೇ ಪಾಲಿಶ್, ಅಷ್ಟೇ ಕೋಟ್. ತುದಿಗಳನ್ನು ಮರೀಬೇಡಿ, ತೇವ ಅಲ್ಲೇ ಜಾಸ್ತಿ ನುಗ್ಗೋದು.

ಇನ್ನೊಬ್ಬರ ಉತ್ತರ:
ಮೇಲಿನದ್ದು ಸರಿ, ಆದರೆ ಪಾಲಿಶ್ ತೇವವನ್ನು ತಡ ಮಾಡುತ್ತದೆ, ತಡೆಯುವುದಿಲ್ಲ. ನಿಮ್ಮ ಸ್ಕ್ರೂ ಕಿತ್ತು ಬಂದದ್ದು ಯಾಕೆ ಅಂತಲೂ ನೋಡಿ. ಮರದ ಉದ್ದ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಆಟ ಎಲ್ಲ ಅಗಲದಲ್ಲಿ. ತೇಗ ಶಾಂತ ಸ್ವಭಾವದ ಮರ. ಆದರೂ ಒಳಗಿನ ತೇವಾಂಶ ಶೇ. 8ರಿಂದ 12ಕ್ಕೆ ಏರಿದರೆ 60 ಸೆಂ.ಮೀ. ಹಲಗೆ 4 ಮಿ.ಮೀ. ತನಕ ಅಗಲವಾಗಬಹುದು. ಸ್ಕ್ರೂ ಬಿಗಿಯಾಗಿ ಹಿಡಿದಿದ್ದರೆ ಅದು ಕೀಳಬೇಕು, ಇಲ್ಲ ಹಲಗೆ ಸೀಳಬೇಕು.

ಹಲಗೆಯನ್ನು ಸ್ಕ್ರೂನಿಂದ ಹಿಡಿಯುವ ಚೌಕಟ್ಟಿನ ಅಡ್ಡಪಟ್ಟಿಯಲ್ಲಿ ನಡುವಿನ ತೂತು ಮಾತ್ರ ಗುಂಡಗಿರಲಿ. ಆಚೀಚೆ ಇರುವ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ. ವಾಷರ್ ಹಾಕಿ ಸ್ಕ್ರೂ ಕೂರಿಸಿ, ಪೂರ್ತಿ ಬಿಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ. ಚೌಕಟ್ಟಿಗೆ ಅಂಟು ಮಾತ್ರ ಬೇಡ.

ಮತ್ತೊಬ್ಬರು:
ಹಲಗೆ ಜೋಡಿಸುವಾಗ ತುದಿಯಲ್ಲಿ ಕಾಣುವ ಉಂಗುರದ ಗೆರೆಯ ಬಾಗು ಒಂದರದ್ದು ಮೇಲಕ್ಕೆ, ಪಕ್ಕದ್ದರದ್ದು ಕೆಳಕ್ಕೆ ಬರಬೇಕು ಅಂತಾರಲ್ಲ, ಅದನ್ನು ಮಾಡಿದ್ರಾ?

ಇನ್ನೊಬ್ಬರ ಉತ್ತರ:
ಅದರ ಬಗ್ಗೆ ಜಗಳ ಮುಗಿಯೋದಿಲ್ಲ. ಹಾಗೆ ಜೋಡಿಸಿದರೆ ದೊಡ್ಡ ಬಾಗು ತಪ್ಪುತ್ತದೆ, ಆದರೆ ಅಲೆ ಅಲೆಯಾಗಿ ಏಳಬಹುದು. ಒಂದೇ ಕಡೆ ಇಟ್ಟರೆ ಒಂದೇ ಬಾಗು, ಅದನ್ನು ಅಡ್ಡಪಟ್ಟಿ ಎಳೆದು ಹಿಡಿಯುತ್ತದೆ. ನಾನಂತೂ ಚೆಂದ ಕಾಣುವ ಮೈಯನ್ನೇ ಮೇಲಿಡ್ತೀನಿ. ಮರ ಚೆನ್ನಾಗಿ ಒಣಗಿದ್ದರೆ ಗೆರೆಯ ದಿಕ್ಕು ಅಷ್ಟು ಕಾಡೋದಿಲ್ಲ.

ಮತ್ತೊಬ್ಬರು:
ನನ್ನದು ಪ್ಲೈವುಡ್ ಬೀರು ಬಾಗಿಲು. ಅದೂ ಬಿಲ್ಲಿನ ಥರ ಆಗಿದೆ. ಹೊರಗಡೆ ಮಾತ್ರ ಲ್ಯಾಮಿನೇಟ್ ಅಂಟಿಸಿದ್ದೆ.

ಉತ್ತರ:
ಅದೇ ಕಾಯಿಲೆ. ಹೊಸ ಬಾಗಿಲಾದರೆ ಒಳಗಡೆಗೂ ಲ್ಯಾಮಿನೇಟ್ ಹಾಕಿ, ಎರಡನ್ನೂ ಒಂದೇ ದಿನ ಅಂಟಿಸಿ.

ಪ್ರಶ್ನೆ ಕೇಳಿದವರು:
ಮೂರನೇ ವಾರ ತೂಕ ಇಳಿಯಲಿಲ್ಲ. ಸಂದು 4ರಿಂದ 1 ಮಿ.ಮೀ.ಗೆ ಬಂದಿದೆ. ಕೆಳಗೆ 4 ಕೋಟ್ ಹೊಡೆದು, ತೂತು ಉದ್ದ ಮಾಡಿ ಕೂರಿಸಿದೆ. ಸ್ಕ್ರೂ ಹಾಕಿದಾಗ ಉಳಿದ 1 ಮಿ.ಮೀ. ಕೂಡ ತಾನೇ ಕೂತುಕೊಂಡಿತು. ಕಿತ್ತುಹೋಗಿದ್ದ ತೂತಿಗೆ ತೇಗದ ಗೂಟ ಅಂಟಿಸಿ ಹೊಸ ತೂತು ಕೊರೆದೆ. ಹತ್ತರಿ ಪೆಟ್ಟಿಗೆಯಲ್ಲೇ ಇದೆ ಸರ್.