ಇಂಗಾಲದ ‘ಸಂಗ್ರಹ’: ಒಂದೇ ಪದ ಎರಡು ಕೆಲಸ ಮಾಡ್ತಿದೆಯಾ?

ಎಲ್ಲರಿಗೂ ನಮಸ್ಕಾರ.

ಮಲೆನಾಡಿನ ಊರುಗಳಲ್ಲಿ ಹಂಚಲು ಕಾಡಿನ ಬಗ್ಗೆ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಕಾರ್ಬನ್ ಸ್ಟಾಕ್’ (ಕಾಡು ಇದುವರೆಗೆ ಕೂಡಿಟ್ಟ ಇಂಗಾಲ) ಇದೆ, ‘ಕಾರ್ಬನ್ ಸೀಕ್ವೆಸ್ಟ್ರೇಶನ್’ (ಗಾಳಿಯಿಂದ ಇಂಗಾಲ ಎಳೆದುಕೊಳ್ಳುವುದು) ಕೂಡ ಇದೆ. ನಾನು ಎರಡಕ್ಕೂ ‘ಇಂಗಾಲ ಸಂಗ್ರಹ’ ಅಂತಲೇ ಬರೆದುಬಿಟ್ಟಿದ್ದೆ. ಸಿದ್ದಾಪುರದ ಕಡೆಯ ನೆಂಟರೊಬ್ಬರಿಗೆ ಓದಿ ಹೇಳಿದೆ. ‘ಹಾಗಾದ್ರೆ ಕಾನಿಗಿಂತ ಅಕೇಶಿಯಾ ಪ್ಲಾಂಟೇಶನ್ನೇ ವಾಸಿ ಅಂತ ಆಯ್ತಲ್ಲ!’ ಅಂದರು.

(ಕಾನು ಅಂದರೆ ಮಲೆನಾಡಿನ ದಟ್ಟ ನಿತ್ಯಹಸಿರು ಕಾಡು.) ತಪ್ಪು ಅವರದಲ್ಲ, ನನ್ನ ಪದದ್ದು. ಅಕೇಶಿಯಾ ಸರಸರ ಬೆಳೆಯುವ ಗಿಡ. ಈ ವರ್ಷ ಎಷ್ಟು ಇಂಗಾಲ ಎಳೆದುಕೊಂಡಿತು ಅಂತ ಕೇಳಿದರೆ ಎಳೆಯ ನೆಡುತೋಪು ಮುಂದಿರುತ್ತದೆ. ಇದುವರೆಗೆ ಎಷ್ಟು ಕೂಡಿಟ್ಟಿದೆ ಅಂತ ಕೇಳಿದರೆ ಹಳೆಯ ಕಾನು ಎಷ್ಟೋ ಮುಂದಿದೆ. ಮರದಲ್ಲಿ, ಬೇರಲ್ಲಿ, ಮಣ್ಣಲ್ಲಿ. ಅಕೇಶಿಯಾ ಕಡಿದು ಸೌದೆ ಮಾಡಿ ಉರಿಸಿದ ದಿನ ಎಳೆದುಕೊಂಡದ್ದು ವಾಪಸ್ ಗಾಳಿಗೆ.

ಅದಕ್ಕೇ ಸೀಕ್ವೆಸ್ಟ್ರೇಶನ್‌ಗೆ ‘ಹೀರಿಕೆ’, ಸ್ಟಾಕ್‌ಗೆ ‘ಇಡುಗಂಟು’ ಅಂದರೆ ಹೇಗೆ? ತಿಂಗಳ ಸಂಬಳ ಬೇರೆ, ಇಡುಗಂಟು ಬೇರೆ ಅನ್ನೋದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಇಂಗಾಲ ಇಂಗಿಸುವುದು’ ಕಿವಿಗೆ ಚೆನ್ನಾಗಿದೆ, ಆದರೆ ಓದುವವರಿಗೆ ಇಂಗುಗುಂಡಿ ನೆನಪಾಗುತ್ತದೆ. (‘ಇಂಗಾಲ’ಕ್ಕೂ ‘ಇಂಗು’ವಿಗೂ ನಂಟಿಲ್ಲ. ಅದು ‘ಅಂಗಾರ’ ಪ್ರಾಕೃತದ ದಾರಿಯಲ್ಲಿ ಬಂದು ಆದದ್ದು. ಕೆಂಡ, ಇದ್ದಿಲಿನ ಪದ.) ಇಂಗಾಲಕ್ಕೂ ಇಂಗಾಲದ ಡೈಆಕ್ಸೈಡಿಗೂ ಒಂದೇ ಪದ ಹಾಕುವುದನ್ನೂ ನಿಲ್ಲಿಸಬೇಕು. 12 ಕಿಲೋ ಇಂಗಾಲ ಪೂರ್ತಿ ಉರಿದರೆ 44 ಕಿಲೋ ಡೈಆಕ್ಸೈಡ್ ಆಗುತ್ತದೆ, ಸಣ್ಣ ವ್ಯತ್ಯಾಸ ಅಲ್ವಲ್ಲ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಕೋ-ಬೆನಿಫಿಟ್’. ಇಂಗಾಲದ ಯೋಜನೆಗಳ ಕಾಗದಗಳಲ್ಲಿ ಜೀವವೈವಿಧ್ಯವನ್ನು ಹೀಗೆ ಕರೆಯುತ್ತಾರೆ. ‘ಸಹಪ್ರಯೋಜನ’ ಅಂತ ಬರೆದೆ. ನಮ್ಮ ನೆಂಟರು ಕೇಳಿ ‘ಅಂದ್ರೆ ಕೊಸರು’ ಅಂದರು. ಪದ ಸರಿಯಾಗಿಯೇ ಕೂತಿತು, ಅದೇ ತೊಂದರೆ.

ಉತ್ತರ ಕನ್ನಡದ ಕತ್ತಲೆಕಾನಿನ ರಾಂಪತ್ರೆ ಜಡ್ಡಿ (ಕಾಡುಜಾಯಿಕಾಯಿ ಮರಗಳ ಜೌಗುಕಾಡು) ನೋಡಿದವರಿಗೆ ಗೊತ್ತು. ಕೆಸರಿನಿಂದ ಬೇರುಗಳು ಮಡಚಿದ ಮಂಡಿಯ ಹಾಗೆ ಮೇಲೆದ್ದಿರುತ್ತವೆ. ಗೇರಿನ ಕುಟುಂಬದ ಒಂದು ಮರವನ್ನು ಅಲ್ಲೇ ಗುರುತಿಸಿ, 2000ದಲ್ಲಿ ಆ ಜಾಗದ ಹೆಸರನ್ನೇ ಅದಕ್ಕೆ ಇಟ್ಟರು. ಇಂಗಾಲದ ಟನ್ನಿನ ಲೆಕ್ಕದಲ್ಲಿ ಆ ಮರವೂ ಅಷ್ಟೇ, ಅಕೇಶಿಯಾವೂ ಅಷ್ಟೇ. ಇನ್ನು ರಾಂಪತ್ರೆ ಹಣ್ಣು ಬಿರಿದು ಕೆಂಪು ಪತ್ರೆ (ಬೀಜ ಸುತ್ತಿದ ಹೊದಿಕೆ) ಕಂಡರೆ ಮಂಗಟ್ಟೆ ಹಕ್ಕಿ ಬರುತ್ತದೆ, ಬೀಜ ಸಮೇತ ನುಂಗಿ ದೂರದಲ್ಲೆಲ್ಲೋ ಕಕ್ಕುತ್ತದೆ. ಮಂಗಟ್ಟೆ ಇಲ್ಲದಿದ್ದರೆ ಇಂಥ ದಪ್ಪ ಬೀಜಗಳು ಹೆಚ್ಚಾಗಿ ತಾಯಿಮರದ ಬುಡದಲ್ಲೇ ಉಳಿದು ಹಾಳಾಗುತ್ತವೆ. ದಪ್ಪ ಬೀಜದ ಮರಗಳಲ್ಲಿ ಗಟ್ಟಿ ಕಟ್ಟಿಗೆಯವು ಬಹಳ, ಗಟ್ಟಿ ಕಟ್ಟಿಗೆಯಲ್ಲಿ ಇಂಗಾಲವೂ ಹೆಚ್ಚು. ಅಂದರೆ ಕೊಸರು ಹೋದರೆ ನಿಧಾನವಾಗಿ ಇಡುಗಂಟೂ ಕರಗುತ್ತದೆ.

‘ಅರಣ್ಯ’ದ ಕಥೆಯೂ ಹೀಗೇ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಕನಿಷ್ಠ 1 ಹೆಕ್ಟೇರ್ ಇದ್ದು, ಮರಗಳ ನೆತ್ತಿ ಕನಿಷ್ಠ ಶೇಕಡ 10ರಷ್ಟು ನೆಲ ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ನೆಡುತೋಪು, ಹಣ್ಣಿನ ತೋಟ ಎಲ್ಲ ಅದರೊಳಗೆ. ಹಾಗಾಗಿ ಕಾನು ಇದ್ದ ಕಡೆ ‘ಕಾನು’ ಅಂತಲೇ ಬಿಟ್ಟಿದ್ದೇನೆ.

ಈಗ ಕೇಳಬೇಕಾದದ್ದು: ಬಯಲುಸೀಮೆಯವರಿಗೆ ‘ಕಾನು’ ತಿಳಿಯುತ್ತದಾ? ‘ಇಡುಗಂಟು’ ನಿಮ್ಮ ಕಡೆ ಬಳಕೆಯಲ್ಲಿದೆಯಾ? ‘ಕೋ-ಬೆನಿಫಿಟ್’ಗೆ ಕೊಸರಿನ ವಾಸನೆ ಇಲ್ಲದ ಪದ ಯಾರಿಗಾದರೂ ಹೊಳೆದರೆ ಹೇಳಿ.