ದುರ್ಗದಲ್ಲಿ ನ್ಯೂಟ್ರಾನ್ ಎಣಿಕೆ ಏರುತ್ತಿದೆ: ಮೂಲವನ್ನು ಹುಡುಕುವುದು ಹೇಗೆ?

ಬೆಣ್ಣೆನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಶಾಮನೂರಿನ ಕಡೆ, ಭತ್ತದ ಗದ್ದೆಗಳ ಅಂಚಿನಲ್ಲಿರುವ ಬಡಾವಣೆಯೊಂದರಲ್ಲಿ ವಾಸವಾಗಿದ್ದೇನೆ. ಹಳೆಯ ಉಪಕರಣಗಳ ವ್ಯಾಪಾರಿಯೊಬ್ಬರಿಂದ ಕೊಂಡ ಹೀಲಿಯಂ-3 ಕೊಳವೆಯ (ನ್ಯೂಟ್ರಾನ್ ಹಿಡಿಯುವ ಅನಿಲ ತುಂಬಿದ ಕೊಳವೆ) ಸುತ್ತ, ಹೋಟೆಲಿನವರು ತರಕಾರಿ ಹೆಚ್ಚಲು ಬಳಸುವ ದಪ್ಪನೆಯ ಬಿಳಿ ಪ್ಲಾಸ್ಟಿಕ್ ಹಲಗೆಗಳನ್ನು ಐದು ಸೆಂಟಿಮೀಟರ್ ದಪ್ಪಕ್ಕೆ ಜೋಡಿಸಿ, ನ್ಯೂಟ್ರಾನ್ ಎಣಿಸುವ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿಕೊಂಡಿದ್ದೇನೆ. ನನ್ನ ಬಳಿ ಯಾವುದೇ ವಿಕಿರಣ ಆಕರವಿಲ್ಲ. ಆಕಾಶದಿಂದ ಬರುವುದನ್ನಷ್ಟೇ ಎಣಿಸುವುದು ನನ್ನ ಹವ್ಯಾಸ.

ದಾವಣಗೆರೆಯ ಮನೆಯ ತಾರಸಿಯಲ್ಲಿ ಹತ್ತು ನಿಮಿಷಕ್ಕೆ 96 ಎಣಿಕೆಗಳು ಬಂದವು. ಚಿತ್ರದುರ್ಗದಲ್ಲಿ ಜೋಗಿಮಟ್ಟಿ ರಸ್ತೆಯ ಕಡೆಗಿರುವ ನಮ್ಮ ಮಾವನವರ ಮನೆಯ ತಾರಸಿಯಲ್ಲಿ ಅದೇ ಪೆಟ್ಟಿಗೆ 118 ತೋರಿಸಿತು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ; ಆದರೆ ಅಲ್ಲಿ ಕೆಲವು ದಿನ ಬೆಳಗಿನ ಆರು ಗಂಟೆಯ ಸುಮಾರಿಗೆ ಎಣಿಕೆ ಇದ್ದಕ್ಕಿದ್ದಂತೆ 400ನ್ನು ದಾಟುತ್ತದೆ, ಅರ್ಧ ಗಂಟೆಯ ಬಳಿಕ ತಾನಾಗಿಯೇ ಇಳಿಯುತ್ತದೆ. ಕೋಟೆಯ ಬಂಡೆಗಳಿಂದ ಬರುತ್ತಿರಬಹುದೇ, ಅಥವಾ ಹತ್ತಿರದಲ್ಲಿ ಯಾರಾದರೂ ಏನನ್ನಾದರೂ ಇಟ್ಟುಕೊಂಡಿರಬಹುದೇ ಎಂಬ ಆತಂಕ ನನ್ನದು. ಮೂಲ ಯಾವ ದಿಕ್ಕಿನಲ್ಲಿದೆ ಎಂದು ಪತ್ತೆಹಚ್ಚುವ ಕ್ರಮವನ್ನು ದಯವಿಟ್ಟು ತಿಳಿಸಿ.

ನಿವೃತ್ತ ಮೇಷ್ಟ್ರು

ದಿಕ್ಕನ್ನು ಹುಡುಕುವ ಮೊದಲು, ಹುಡುಕಬೇಕಾದ ವಸ್ತುವೊಂದು ಇದೆಯೇ ಎಂದು ನೋಡೋಣ. ನೀವು ಎರಡು ಬೇರೆ ಬೇರೆ ಸಮಸ್ಯೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ.

96 ಮತ್ತು 118ರ ವಿಷಯ ಮೊದಲು. ಎಣಿಕೆಯ ಅನಿಶ್ಚಿತತೆ ಅದರ ವರ್ಗಮೂಲದಷ್ಟು ಇರುವುದರಿಂದ, 96 ಎಂದರೆ ಹತ್ತು ಹೆಚ್ಚು ಅಥವಾ ಕಡಿಮೆ. 118 ಎಂದರೆ ಹನ್ನೊಂದು ಹೆಚ್ಚು ಅಥವಾ ಕಡಿಮೆ. ವ್ಯತ್ಯಾಸವಾದ 22ರ ಮೇಲೆ ಸುಮಾರು 15ರಷ್ಟು ಅನಿಶ್ಚಿತತೆ ಕುಳಿತಿದೆ. ಇದನ್ನು ನಂಬಿ ಯಾರ ಮನೆಯ ಕಡೆಗೂ ಬೆರಳು ತೋರಿಸಬೇಡಿ. ಎರಡೂ ಕಡೆ ತಲಾ ಹನ್ನೆರಡು ಗಂಟೆ ಎಣಿಸಿ, ಆಮೇಲೆ ಮಾತನಾಡೋಣ.

ಬಂಡೆಗಳ ಬಗ್ಗೆ: ದುರ್ಗದ ಕಲ್ಲಿನಲ್ಲಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತವೆ, ಆದರೆ ಅವುಗಳಿಂದ ಹೊರಗೆ ಸಿಗುವುದು ಮುಖ್ಯವಾಗಿ ಗಾಮಾ ಕಿರಣ. ಭೂಮಿಯ ಮೇಲೆ ತೆರೆದ ಜಾಗದಲ್ಲಿ ಸಿಗುವ ನ್ಯೂಟ್ರಾನುಗಳಲ್ಲಿ ಬಂಡೆಯ ಪಾಲು ತೀರಾ ಅಲ್ಪ. ಹೆಚ್ಚುಕಡಿಮೆ ಎಲ್ಲವೂ ವಿಶ್ವಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಬರುವ ವೇಗದ ಕಣಗಳು, ಮೇಲಿನ ಗಾಳಿಗೆ ಮತ್ತು ನೆಲಕ್ಕೆ ಬಡಿದು ಹುಟ್ಟಿದವು.

ಬೆಳಗಿನ 400ರ ಬಗ್ಗೆ ನನಗೆ ಅನುಮಾನವಿರುವುದು ನ್ಯೂಟ್ರಾನುಗಳ ಮೇಲಲ್ಲ, ನಿಮ್ಮ ವೈರಿನ ಮೇಲೆ. ಹೀಲಿಯಂ-3 ಪರಮಾಣು ನ್ಯೂಟ್ರಾನನ್ನು ಹಿಡಿದಾಗ 764 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ. ಪ್ರತಿ ಹಿಡಿತಕ್ಕೂ ಕೊಳವೆ ಕೊಡುವ ವಿದ್ಯುತ್ ಸ್ಪಂದಗಳ ಎತ್ತರವನ್ನು ದಾಖಲಿಸಿ ನಕ್ಷೆ ಎಳೆದರೆ ಆ ಜಾಗದಲ್ಲಿ ಒಂದು ಗುಡ್ಡವೂ, ಅದರ ಎಡಕ್ಕೆ 573 ಮತ್ತು 191ರ ಬಳಿ ಒಂದೊಂದು ಮೆಟ್ಟಿಲೂ ಕಾಣಬೇಕು. ಹುಟ್ಟಿದ ಕಣಗಳಲ್ಲಿ ಒಂದು ಕೊಳವೆಯ ಗೋಡೆಗೆ ಬಡಿದು ತನ್ನ ಶಕ್ತಿಯನ್ನು ಅಲ್ಲಿ ಕಳೆದುಕೊಳ್ಳುವುದರಿಂದ ಆ ಮೆಟ್ಟಿಲುಗಳು ಮೂಡುತ್ತವೆ. ಗಾಮಾ ಮತ್ತು ವಿದ್ಯುತ್ ಗದ್ದಲಗಳೆರಡೂ ಸಾಮಾನ್ಯವಾಗಿ ತೀರಾ ಎಡದಲ್ಲಿ ಗುಂಪುಗೂಡುತ್ತವೆ. ಎಷ್ಟು ಎತ್ತರಕ್ಕಿಂತ ಮೇಲಿನ ಸ್ಪಂದಗಳನ್ನಷ್ಟೇ ಎಣಿಸಬೇಕು ಎಂಬ ಮಿತಿಯನ್ನು ಎಲ್ಲಿ ಇರಿಸಿದ್ದೀರಿ?

ಬೆಣ್ಣೆನಗರಿ

ಸರ್, ಮಿತಿಯನ್ನು ಅಂದಾಜಿನಲ್ಲಿ ಇರಿಸಿದ್ದೆ. ಸ್ಪಂದಗಳ ಎತ್ತರವನ್ನು ನೋಡುವ ಸೌಲಭ್ಯ ನನ್ನಲ್ಲಿ ಇನ್ನೂ ಇಲ್ಲ. ನಿಧಾನ ನ್ಯೂಟ್ರಾನುಗಳನ್ನು ತಡೆಯುವ ಕ್ಯಾಡ್ಮಿಯಂ ತಗಡನ್ನು ಸುತ್ತಿ ಪರೀಕ್ಷಿಸಬೇಕೆಂದು ಓದಿದ್ದೇನೆ, ಆದರೆ ಅದು ದಾವಣಗೆರೆಯಲ್ಲಿ ಎಲ್ಲೂ ಸಿಗಲಿಲ್ಲ.

ನಿವೃತ್ತ ಮೇಷ್ಟ್ರು

ಸಿಗದಿದ್ದುದೇ ಒಳ್ಳೆಯದಾಯಿತು, ಕ್ಯಾಡ್ಮಿಯಂ ವಿಷಕಾರಿ, ಮನೆಯಲ್ಲಿ ಕತ್ತರಿಸುತ್ತ ಉಜ್ಜುತ್ತ ಕೂರುವ ಲೋಹವಲ್ಲ. ಅದರ ಬದಲು ಆಟದ ಸಾಮಾನಿನ ಅಂಗಡಿಗೆ ಹೋಗಿ ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿಯ ಡಬ್ಬಿಗಳನ್ನು ತನ್ನಿ. ಬೋರಿಕ್ ಆಮ್ಲವೇ ಎಂದು ಡಬ್ಬಿಯ ಮೇಲೆ ಓದಿ ನೋಡಿ, ಏಕೆಂದರೆ ಕೆಲವು ಬೇರೆ ಪುಡಿಗಳೂ ಅದೇ ಕೆಲಸಕ್ಕೆ ಮಾರಾಟವಾಗುತ್ತವೆ. ಪ್ರಕೃತಿಯಲ್ಲಿ ಸಿಗುವ ಬೋರಾನಿನ ಐದನೆಯ ಒಂದು ಪಾಲು ಬೋರಾನ್-10. ಅದು ನಿಧಾನಗೊಂಡ ನ್ಯೂಟ್ರಾನುಗಳನ್ನು ಹಸಿದವನು ಊಟ ಕಂಡಂತೆ ನುಂಗುತ್ತದೆ. ಒಂದು ಸೆಂಟಿಮೀಟರ್ ದಪ್ಪದ ಪುಡಿಯ ಪದರವೇ ಸಾಕು.

ಪುಡಿಯನ್ನು ಹಲಗೆಗಳ ಹೊರಗಲ್ಲ, ಹಲಗೆಗೂ ಕೊಳವೆಗೂ ನಡುವೆ ತುಂಬಬೇಕು ಎಂಬುದು ಇಲ್ಲಿ ಮುಖ್ಯ. ವೇಗದ ನ್ಯೂಟ್ರಾನು ಪ್ಲಾಸ್ಟಿಕ್ಕಿನಲ್ಲಿರುವ ಹೈಡ್ರೋಜನ್ನಿಗೆ ಮತ್ತೆ ಮತ್ತೆ ಡಿಕ್ಕಿ ಹೊಡೆದು, ಸುಮಾರು ಹದಿನೆಂಟು ಡಿಕ್ಕಿಗಳ ನಂತರ ಪೂರ್ಣ ನಿಧಾನವಾಗಿ ಕೊಳವೆಯ ಕಡೆಗೆ ಬರುವ ಹೊತ್ತಿನಲ್ಲಿ ಅದನ್ನು ತಡೆಯುವುದು ನಮ್ಮ ಉದ್ದೇಶ. ಪುಡಿ ತುಂಬಿದ ಮೇಲೆ ಎಣಿಕೆ ನೆಲಕಚ್ಚಿದರೆ ನೀವು ಎಣಿಸುತ್ತಿದ್ದುದು ನ್ಯೂಟ್ರಾನುಗಳನ್ನೇ. ಹಾಗೆಯೇ ಉಳಿದರೆ ಅದು ಬೇರೇನೋ.

ಮೋಟಾರ್ ರಿಪೇರಿ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನನಗೆ ನ್ಯೂಟ್ರಾನ್ ಗೊತ್ತಿಲ್ಲ, ಮೋಟಾರ್ ಗೊತ್ತು. 400 ಬರುವ ದಿನಗಳು ನಲ್ಲಿಗೆ ನೀರು ಬಿಡುವ ದಿನಗಳೇ ಎಂದು ಒಮ್ಮೆ ಕ್ಯಾಲೆಂಡರ್ ನೋಡಿ. ನೀರು ಬಂದ ಕೂಡಲೇ ಇಡೀ ಬೀದಿಯ ಸಂಪು ಮೋಟಾರುಗಳು ಒಟ್ಟಿಗೆ ಶುರುವಾಗುತ್ತವೆ. ಬ್ರಷ್ ಇರುವ ಹಳೆಯ ಮೋಟಾರು, ಸವೆದ ಸ್ಟಾರ್ಟರು ಎಷ್ಟು ಕಿಡಿ ಹಾರಿಸುತ್ತವೆ ಎಂಬುದನ್ನು ನಾನು ದಿನವೂ ಕಾಣುತ್ತೇನೆ. ಜೊತೆಗೆ ನಿಮ್ಮ ಪೆಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗಲೂ ಎಣಿಕೆ ಬಂದರೆ ನಡುಕವೂ ಸೇರಿಕೊಂಡಿದೆ ಎಂದರ್ಥ.

ಬೆಣ್ಣೆನಗರಿ (ಮೂರು ವಾರಗಳ ನಂತರ)

ಎಲ್ಲ ಪರೀಕ್ಷೆಗಳನ್ನೂ ಮಾಡಿದ್ದೇನೆ. ಬೋರಿಕ್ ಪುಡಿ ತುಂಬಿದ ಮೇಲೆ ಹತ್ತು ನಿಮಿಷದ ಎಣಿಕೆ 9ಕ್ಕೆ ಇಳಿಯಿತು. ಆದರೆ ನೀರು ಬರುವ ದಿನ ಬೆಳಿಗ್ಗೆ, ಪುಡಿ ತುಂಬಿದ್ದರೂ, 300ಕ್ಕೂ ಹೆಚ್ಚು ಬಂದಿತು. ಮೋಟಾರ್ ರಿಪೇರಿಯವರ ಮಾತು ಅಕ್ಷರಶಃ ನಿಜವಾಯಿತು. ಮಾವನವರ ಮೋಟಾರು ಆರಿಸಿದ್ದರೂ ಪಕ್ಕದ ಮನೆಯದು ಓಡುತ್ತಿತ್ತು. ಗೋಡೆಯ ಪ್ಲಗ್ಗನ್ನು ಬಿಟ್ಟು ಬ್ಯಾಟರಿಯಿಂದ ನಡೆಸಿ, ಪ್ರಿಆಂಪ್ಲಿಫೈಯರನ್ನು (ಸಣ್ಣ ಸ್ಪಂದವನ್ನು ಮೊದಲು ಹಿಗ್ಗಿಸುವ ಭಾಗ) ಕೊಳವೆಯ ತುದಿಗೇ ತಂದು ಎರಡನ್ನೂ ಒಂದೇ ಅಲ್ಯೂಮಿನಿಯಂ ಡಬ್ಬಿಯೊಳಗೆ ಮುಚ್ಚಿದ ಮೇಲೆ ಬೆಳಗಿನ ಏರಿಕೆ ಸಂಪೂರ್ಣ ನಿಂತಿತು. ತಟ್ಟಿದಾಗ ಬರುತ್ತಿದ್ದ ಎಣಿಕೆ ಸಡಿಲವಾದ ಹೈವೋಲ್ಟೇಜ್ ಕನೆಕ್ಟರಿನದು, ಅದನ್ನೂ ಬಿಗಿಗೊಳಿಸಿದೆ.

ಆದರೆ ಮೊದಲ ಪ್ರಶ್ನೆ ಉಳಿದಿದೆ. ಪುಡಿ ತೆಗೆದು ಹನ್ನೆರಡು ಗಂಟೆ ಎಣಿಸಿದಾಗ ದಾವಣಗೆರೆಯಲ್ಲಿ 6,910, ದುರ್ಗದಲ್ಲಿ 7,830. ಇದು ಅದೃಷ್ಟದಾಟ ಅಲ್ಲ ತಾನೇ?

ನಿವೃತ್ತ ಮೇಷ್ಟ್ರು

ಅಲ್ಲ, ಈ ವ್ಯತ್ಯಾಸ ನಿಜವಾದದ್ದೇ: 920ರ ವ್ಯತ್ಯಾಸಕ್ಕೆ 121ರಷ್ಟು ಅನಿಶ್ಚಿತತೆ. ದುರ್ಗದಲ್ಲಿ ಸುಮಾರು ಶೇ 13ರಷ್ಟು ಹೆಚ್ಚು. ಆದರೂ ಮೂಲ ನಿಮ್ಮ ಮಾವನವರ ನೆರೆಹೊರೆಯಲ್ಲಿಲ್ಲ.

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿವೆ. ಈ 130 ಮೀಟರಿಗೆ ಗಾಳಿಯ ಒತ್ತಡ 14 ಹೆಕ್ಟೊಪ್ಯಾಸ್ಕಲ್‌ನಷ್ಟು ಕಡಿಮೆಯಾಗುತ್ತದೆ. ಒತ್ತಡ ಕಡಿಮೆ ಎಂದರೆ ವಿಶ್ವಕಿರಣಗಳನ್ನು ತಡೆಯುವ ಗಾಳಿಯೂ ಕಡಿಮೆ. ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ನ್ಯೂಟ್ರಾನ್ ಎಣಿಕೆ ಶೇ 0.7ರ ಆಸುಪಾಸಿನಲ್ಲಿ ಏರುವುದರಿಂದ, ಶೇ 13ರಲ್ಲಿ ಒಂಬತ್ತು ಹತ್ತು ಪಾಲನ್ನು ತಲೆಯ ಮೇಲಿನ ಗಾಳಿಯೇ ತೀರಿಸಿತು. ಅಂದಹಾಗೆ ನಮ್ಮ ಸೀಮೆಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಹೆಚ್ಚಿರುತ್ತದೆ, ಮಧ್ಯಾಹ್ನ ನಾಲ್ಕಕ್ಕೆ ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್ ಇಳಿದಿರುತ್ತದೆ. ಒಂದೂರಿನಲ್ಲಿ ಬೆಳಿಗ್ಗೆ, ಇನ್ನೊಂದೂರಿನಲ್ಲಿ ಸಂಜೆ ಅಳೆದರೆ ಅದೂ ಲೆಕ್ಕ ಕೆಡಿಸುತ್ತದೆ. ಅಗ್ಗದ ಒತ್ತಡಮಾಪಕವೊಂದನ್ನು ಪೆಟ್ಟಿಗೆಗೆ ಸೇರಿಸಿ.

ಉಳಿದ ಮೂರು ನಾಲ್ಕು ಪಾಲಿಗೆ ಹೆಚ್ಚು ಸಂಭವನೀಯ ಉತ್ತರ ನಿಮ್ಮ ದಾವಣಗೆರೆಯ ಮನೆಯ ಪಕ್ಕದಲ್ಲೇ ನಿಂತಿದೆ. ಭದ್ರಾ ನಾಲೆಯ ನೀರು ನಿಂತ ಭತ್ತದ ಗದ್ದೆ ಎಂದರೆ ಎಕರೆಗಟ್ಟಲೆ ಹೈಡ್ರೋಜನ್. ನೆಲದಿಂದ ಮೇಲಕ್ಕೆ ಚಿಮ್ಮಬೇಕಾದ ವೇಗದ ನ್ಯೂಟ್ರಾನುಗಳನ್ನು ಆ ನೀರು ಮೊದಲೇ ನಿಧಾನಗೊಳಿಸಿ ಇಂಗಿಸಿಕೊಳ್ಳುತ್ತದೆ. ದುರ್ಗದ ಒಣ ನೆಲ, ಬಂಡೆ ಹಾಗೆ ಮಾಡುವುದಿಲ್ಲ. ಇದೇ ತತ್ವದ ಮೇಲೆ, ಸುತ್ತಲ ನೂರಿನ್ನೂರು ಮೀಟರ್ ಹೊಲದ ತೇವಾಂಶವನ್ನು ಅಳೆಯುವ ವಿಶ್ವಕಿರಣ ನ್ಯೂಟ್ರಾನ್ ಮಾಪಕಗಳು ಕೃಷಿ ಸಂಶೋಧನೆಯಲ್ಲಿ ಬಳಕೆಯಲ್ಲಿವೆ. ಹಾಗಾಗಿ ಈ ಉಳಿದ ಪಾಲಿನ ಮಟ್ಟಿಗೆ, ದುರ್ಗದಲ್ಲಿ ಎಣಿಕೆ ಏರಿದ್ದಕ್ಕಿಂತ ದಾವಣಗೆರೆಯಲ್ಲಿ ಇಳಿದದ್ದು ಎನ್ನುವುದು ಹೆಚ್ಚು ಸರಿ.

ನಿಜವಾದ ಆಕರ ಹೇಗೆ ಕಾಣುತ್ತದೆ ಎಂದೂ ತಿಳಿದಿರಲಿ. ಕೈಗಾರಿಕೆಗಳಲ್ಲಿ ಬಳಸುವ ಅಮೆರಿಸಿಯಂ-ಬೆರಿಲಿಯಂ ಆಕರ ಒಂದು ಕ್ಯೂರಿಯಷ್ಟಿದ್ದರೆ (ಕ್ಯೂರಿ ಎಂದರೆ ವಿಕಿರಣಶೀಲತೆಯ ಒಂದು ಅಳತೆ) ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ನ್ಯೂಟ್ರಾನುಗಳನ್ನು ಹೊರಸೂಸುತ್ತದೆ. ಹತ್ತು ಮೀಟರ್ ದೂರದಲ್ಲಿ ಕವಚವಿಲ್ಲದೆ ಇದ್ದರೆ ನಿಮ್ಮ ಎಣಿಕೆ ಹತ್ತಾರು ಪಟ್ಟು ಏರುತ್ತದೆ, ಮೋಟಾರು ಆರಿಸಿದರೂ ಇಳಿಯುವುದಿಲ್ಲ, ಬೋರಿಕ್ ಪುಡಿಗೆ ಮಾತ್ರ ಬಗ್ಗುತ್ತದೆ. ಅಂಥದ್ದು ಕಂಡರೆ ಪೆಟ್ಟಿಗೆಯ ಒಂದು ಪಕ್ಕಕ್ಕೆ ತುಂಬಿದ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇಟ್ಟು ಸುತ್ತಲೂ ಸರಿಸುತ್ತ ಬನ್ನಿ. ಕ್ಯಾನು ಯಾವ ದಿಕ್ಕಿನಲ್ಲಿದ್ದಾಗ ಎಣಿಕೆ ಅತಿ ಕಡಿಮೆಯೋ ಆಕರ ಆ ದಿಕ್ಕಿನಲ್ಲಿದೆ. ಇನ್ನೊಂದು ಜಾಗದಿಂದ ಹೀಗೆಯೇ ಮಾಡಿ ಎರಡು ಗೆರೆ ಎಳೆದರೆ ಅವು ಸೇರುವ ಕಡೆ ಆಕರ. ನೆಲಕ್ಕೂ ಗೋಡೆಗೂ ಬಡಿದು ಚದುರಿದ ನ್ಯೂಟ್ರಾನುಗಳು ಎಲ್ಲ ಕಡೆಯಿಂದ ಬರುವುದರಿಂದ ಇಳಿಕೆ ಚೂಪಾಗಿರುವುದಿಲ್ಲ, ತಾಳ್ಮೆ ಬೇಕು. ಗೆರೆಗಳು ಸಿಕ್ಕಿದಲ್ಲಿಗೆ ನೀವೇ ನಡೆದುಹೋಗಬೇಡಿ. ದೂರ ಸರಿದು ಜಿಲ್ಲಾಡಳಿತಕ್ಕೆ ತಿಳಿಸಿ. ಅವರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯವರನ್ನು ಕರೆಸುತ್ತಾರೆ.

ಬೆಣ್ಣೆನಗರಿ

ಧನ್ಯವಾದ, ಸರ್. ಒತ್ತಡಮಾಪಕ ತರಿಸಿದ್ದೇನೆ. ನಾಲೆಯ ನೀರು ನಿಂತು, ಕೊಯ್ಲಾಗಿ ಗದ್ದೆ ಒಣಗಿದ ಮೇಲೆ ಇದೇ ತಾರಸಿಯಲ್ಲಿ ಮತ್ತೆ ಹನ್ನೆರಡು ಗಂಟೆ ಎಣಿಸಿ, ಫಲಿತಾಂಶವನ್ನು ಇಲ್ಲಿಯೇ ಹಾಕುತ್ತೇನೆ. ನಲ್ಲಿ ನೀರಿನ ದಿನ ಪಕ್ಕದ ಮನೆಯವರನ್ನು ಸಂಶಯದಿಂದ ನೋಡಿದ್ದಕ್ಕೆ ಮಾವನವರು ಈಗಲೂ ನಗುತ್ತಿದ್ದಾರೆ.