ಡಿಕ್ರಿ ಬಾಕಿಗೆ ಸಂಬಳದ ಖಾತೆ ಜಪ್ತಿ: ಅನುಭವ ಇದ್ದವರು ಹೇಳಿ

ಹಾಸನದಿಂದ ಪ್ರಶ್ನೆ
ಭಾವಮೈದುನನ ಟೆಂಪೊ ಸಾಲಕ್ಕೆ ಜಾಮೀನು ನಿಂತಿದ್ದೆ. ಆತ ಕಂತು ಕಟ್ಟಲಿಲ್ಲ. ಫೈನಾನ್ಸ್‌ನವರು ದಾವೆ ಹೂಡಿ, ನಾನು ಹಾಜರಿಲ್ಲದೆಯೇ ಏಕಪಕ್ಷೀಯ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ನ್ಯಾಯಾಲಯದ ತೀರ್ಪು, ಪಡೆದಿದ್ದಾರೆ. ಸಮನ್ಸ್ ನಾನು ಬಿಟ್ಟುಬಂದ ಬಾಡಿಗೆ ಮನೆಗೆ ಹೋಗಿದೆಯಂತೆ. ಈಗ ಸಂಬಳದ ಖಾತೆ ಜಪ್ತಿಯಾಗಿದೆ. ಮಗಳ ಕಾಲೇಜು ಶುಲ್ಕ ಈ ತಿಂಗಳೇ ಕಟ್ಟಬೇಕು. ದಾರಿ ಏನು?

ದಾವಣಗೆರೆ ಜವಳಿ ವ್ಯಾಪಾರಿ
ಜಾಮೀನಿನ ರುಚಿ ನನ್ನನ್ನು ಕೇಳಿ ಸರ್. ಅಸಲು 2,40,000. ಬಡ್ಡಿ, ದಾವೆಯ ಖರ್ಚು ಸೇರಿ 3,71,000. ಸಾಲ ಪಡೆದವನ ಲಾರಿ ನನ್ನ ಅಂಗಡಿ ಮುಂದೆಯೇ ಓಡಾಡುತ್ತಿತ್ತು, ಹಿಡಿದದ್ದು ನನ್ನನ್ನು. ಮೊದಲು ಅವನಿಂದ ವಸೂಲು ಮಾಡಿ ಎನ್ನುವಂತಿಲ್ಲ, ಕರಾರು ಕಾಯ್ದೆಯ 128ನೇ ಕಲಮಿನಲ್ಲಿ ಇಬ್ಬರ ಹೊಣೆಯೂ ಒಂದೇ. ಹೆಂಡತಿಯ ಸರ ಅಡವಿಟ್ಟು ಲೋಕ ಅದಾಲತ್‌ನಲ್ಲಿ 2,90,000ಕ್ಕೆ ಮುಗಿಸಿದೆ. ವಕೀಲರಿಗೆ 25,000. ಅಷ್ಟಾದರೂ ಖಾತೆ ತೆರೆಯಲಿಲ್ಲ! ಜಪ್ತಿ ತೆರವಿನ ಆದೇಶ ಬರಬೇಕೆಂದು ಶಾಖೆಯವರು, ಕಳುಹಿಸಿದ್ದೇವೆ ಎಂದು ನ್ಯಾಯಾಲಯದ ಗುಮಾಸ್ತರು. ಆ ನಡುವೆ ಸೂರತ್ತಿನ ಸಗಟು ವ್ಯಾಪಾರಿಗೆ ಕೊಟ್ಟ ಚೆಕ್ಕುಗಳು ವಾಪಸು. ಒಂದೊಂದಕ್ಕೂ 500 ದಂಡ, ಮೇಲೆ 90 ಜಿಎಸ್‌ಟಿ. ಆತ ಇಂದಿಗೂ ನಗದು ಕಾಣದೆ ಮಾಲು ಇಳಿಸುವುದಿಲ್ಲ. ಕಟ್ಟಿ ಮುಗಿಸಿ, ಮಾನ ಉಳಿಯುತ್ತದೆ.

ಮೈಸೂರು ನಿವೃತ್ತ ಶಿಕ್ಷಕ
ಇಂಥ ಉಪದೇಶದಿಂದಲೇ ಜನ ಹಾಳಾಗುವುದು. ನಾನು ಸರ್ಕಾರಿ ಪಿಂಚಣಿದಾರ. ಪಿಂಚಣಿ ಬೀಳುವ ಖಾತೆಗೂ, ನಿವೃತ್ತಿ ಹಣದ ನಿಶ್ಚಿತ ಠೇವಣಿಗೂ ಕೈ ಹಾಕಿದರು. ಯಾವುದನ್ನು ಜಪ್ತಿ ಮಾಡುವಂತಿಲ್ಲ ಎಂದು ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಓದಿಕೊಂಡು ಆಕ್ಷೇಪಣೆ ಸಲ್ಲಿಸಿದೆ. ಠೇವಣಿ ಮಾಡಿದ ಮಾತ್ರಕ್ಕೆ ಪಿಂಚಣಿ, ಗ್ರಾಚ್ಯುಟಿ ತಮ್ಮ ಸ್ವರೂಪ ಕಳೆದುಕೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಬಿಡಿಸಿಕೊಂಡೆ, ಒಂದು ಪೈಸೆ ಕೊಡಲಿಲ್ಲ. ಸಂಬಳದಲ್ಲೂ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಸರ ಅಡವಿಟ್ಟವರು ಇದನ್ನು ಮೊದಲೇ ಓದಬಹುದಿತ್ತು.

ದಾವಣಗೆರೆ ಜವಳಿ ವ್ಯಾಪಾರಿ
ವ್ಯಾಪಾರಿಗೆ ಪಿಂಚಣಿ ಎಲ್ಲಿಂದ ಬರುತ್ತದೆ, ಮೇಷ್ಟ್ರೇ? ಚಾಲ್ತಿ ಖಾತೆಗೆ ನಿಮ್ಮ 60ನೇ ಕಲಮು ಕೊಡೆ ಹಿಡಿಯುತ್ತದೆಯೇ?

ಹುಬ್ಬಳ್ಳಿ ಡಿಕ್ರಿದಾರ
‘ಒಂದು ಪೈಸೆ ಕೊಡಲಿಲ್ಲ’ ಎಂದು ಮೀಸೆ ತಿರುವುವವರೇ, ಸಾಲ ಕೊಟ್ಟವನ ಪಾಡು ಕೇಳಿ. ಗೆಳೆಯನಿಗೆ 5,00,000 ಕೈಗಡ. ಪ್ರಾಮಿಸರಿ ನೋಟು ಇತ್ತು, ಗೆದ್ದೆ. ಬಡ್ಡಿ ಶೇಕಡಾ 6. ವಕೀಲರಿಗೆ 40,000, ಕೋರ್ಟ್ ಶುಲ್ಕ ಬೇರೆ. ಡಿಕ್ರಿಯ ಹಣ ವಸೂಲಿಗೆ ಅಮಲ್ಜಾರಿ ಅರ್ಜಿ ಹಾಕಿ ಖಾತೆ ಜಪ್ತಿ ಮಾಡಿಸಿದರೆ ಅದರಲ್ಲಿ ಇದ್ದದ್ದು 1,140 ರೂಪಾಯಿ! ವ್ಯವಹಾರವೆಲ್ಲ ಅಷ್ಟರಲ್ಲಿ ಹೆಂಡತಿಯ ಖಾತೆಗೆ ಹೋಗಿತ್ತು. ಡಿಕ್ರಿಗೆ 12 ವರ್ಷ ಆಯುಸ್ಸು, ನಾನು ಬಿಡುವವನಲ್ಲ.

ಬೆಂಗಳೂರು ಜ್ಯೂಸ್ ಅಂಗಡಿ
ನನ್ನ ಖಾತೆಯೂ ಸ್ಥಗಿತವಾಗಿತ್ತು. ಯಾರೋ ಗಿರಾಕಿ ಯುಪಿಐನಲ್ಲಿ ಕಳುಹಿಸಿದ 60 ರೂಪಾಯಿ ವಂಚನೆಯ ಹಣವಂತೆ. ಪಕ್ಕದ ರಾಜ್ಯದ ಸೈಬರ್ ಪೊಲೀಸರಿಗೆ ಪತ್ರ ಬರೆಯಿರಿ.

ಮೈಸೂರು ನಿವೃತ್ತ ಶಿಕ್ಷಕ
ಅದು ಪೊಲೀಸ್ ತಡೆ, ಇದು ಡಿಕ್ರಿಯ ಜಪ್ತಿ. ಪ್ರಶ್ನೆ ಓದಿ ಉತ್ತರಿಸಿ.

ಬೆಂಗಳೂರು ಜ್ಯೂಸ್ ಅಂಗಡಿ
ಹಣ ಸಿಗದಿದ್ದರೆ ಯಾವ ತಡೆಯಾದರೇನು ಸ್ವಾಮಿ? ನನ್ನ ಹಣ್ಣೆಲ್ಲ ಕೊಳೆತದ್ದನ್ನು ನೀವು ಕಟ್ಟಿಕೊಡುತ್ತೀರಾ?

ಶಿವಮೊಗ್ಗ ವಕೀಲರ ಗುಮಾಸ್ತ
ಹಾಸನದವರೇ, ಇವರ ಜಗಳ ಬಿಡಿ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಡಿಕ್ರಿಯ ವಿಷಯ ತಿಳಿದಂದಿನಿಂದ 30 ದಿನದೊಳಗೆ ಅದರ ರದ್ದತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರಡಿ ಅರ್ಜಿ ಹಾಕಿ, ಜೊತೆಗೆ ತಡೆಯಾಜ್ಞೆ ಕೇಳಿ. ಬಾಡಿಗೆ ಕರಾರು, ಹೊಸ ವಿಳಾಸದ ದಾಖಲೆ ಇಟ್ಟುಕೊಳ್ಳಿ. ಮೇಷ್ಟ್ರು ಹೇಳಿದ ವಿನಾಯಿತಿ ಉದ್ಯೋಗದಾತರ ಬಳಿ ಸಂಬಳ ಹಿಡಿಯುವಾಗ ನೇರವಾಗಿ ಸಿಗುತ್ತದೆ. ಖಾತೆಗೆ ಬಂದ ಹಣಕ್ಕಾದರೆ ವಾದ ಮಾಡಬೇಕು. ಸಂಬಳದ ಚೀಟಿ, ಖಾತೆಯ ವಿವರ ಸಲ್ಲಿಸಿ ಶುಲ್ಕದಷ್ಟಾದರೂ ಬಿಡುಗಡೆ ಕೇಳಿ. ಲೋಕ ಅದಾಲತ್‌ಗೆ ಆತುರ ಬೇಡ, ಅಲ್ಲಿನ ರಾಜಿಗೆ ಮೇಲ್ಮನವಿ ಇಲ್ಲ.

ಹುಬ್ಬಳ್ಳಿ ಡಿಕ್ರಿದಾರ
ನೋಡಿ, ತಪ್ಪಿಸಿಕೊಳ್ಳುವ ದಾರಿ ಹೇಳಲು ಎಲ್ಲರೂ ಸಿದ್ಧ! ನನ್ನ ಋಣಿಯನ್ನು ಸಿವಿಲ್ ಜೈಲಿಗೆ ಕಳುಹಿಸಲು ಏನು ಮಾಡಬೇಕು, ಅದನ್ನು ಹೇಳಿ.

ಶಿವಮೊಗ್ಗ ವಕೀಲರ ಗುಮಾಸ್ತ
ಶಕ್ತಿಯಿದ್ದೂ ಕೊಡುತ್ತಿಲ್ಲ ಎಂದು ನೀವೇ ಸಾಬೀತು ಮಾಡಬೇಕು. ಒಳಗೆ ಹಾಕಿಸಿದರೂ ಗರಿಷ್ಠ ಮೂರು ತಿಂಗಳು, ಅಷ್ಟು ದಿನ ಆತನ ಊಟದ ಖರ್ಚು ಕಟ್ಟುವವರು ನೀವು.

ಹುಬ್ಬಳ್ಳಿ ಡಿಕ್ರಿದಾರ
ಊಟವೂ ನಾನೇ ಹಾಕಬೇಕೇ?

ಮೈಸೂರು ನಿವೃತ್ತ ಶಿಕ್ಷಕ
ಅದೇ ಸಂಹಿತೆಯ 57ನೇ ಕಲಮು. ಓದಿಕೊಳ್ಳಿ.